ನಾನು ಆರಿಸಿದ ಸ್ಕೋಪ್

ಇನ್ನೂ ಏರ್‌ಗನ್ನಿಗೆ ಕೂರಿಸದ, ಗುರಿ ನೋಡುವ ಚಿಕ್ಕ ಸ್ಕೋಪನ್ನು ಜಗಲಿಯಿಂದ ಕಣ್ಣಿಗೆ ಹಿಡಿದೆ. ನಮ್ಮ ಅತ್ತೆಯವರು ಕಂಡರು, ವೆರಿ ಕ್ಲಿಯರ್. ಮರದ ಕೆಳಗೆ ಕೂತು, ಮಡಿಲಿನ ಬಾದಾಮಿ ಮಾವಿನಹಣ್ಣುಗಳನ್ನು ಕೋತಿಗಳಿಗೆ ಒಂದೊಂದಾಗಿ ಕೊಡುತ್ತಿದ್ದರು.

ಎಪ್ಪತ್ತರ ದಶಕ, ಶ್ರೀನಿವಾಸಪುರದ ನಮ್ಮ ತೋಪು. ಕೋತಿಗಳ ಕಾಟಕ್ಕೆ ರೋಸಿದ ನಮ್ಮ ಯಜಮಾನರು ಬೆಂಗಳೂರಿನಿಂದ ಎರಡು ಸ್ಕೋಪ್ ತಂದಿದ್ದರು. ಒಂದನ್ನು ವಾಪಸ್ ಮಾಡಬೇಕು. ಕಾನ್ವೆಂಟಿನಲ್ಲಿ ಓದಿದವಳೆಂದು, ಇಂಗ್ಲಿಷ್ ಲೀಫ್ಲೆಟ್ ಓದಿ ಆರಿಸುವ ಕೆಲಸ ನನಗೆ ಬಿತ್ತು. ದೊಡ್ಡ ಸ್ಕೋಪಿನಲ್ಲಿ ಹತ್ತಿರದ್ದೆಲ್ಲ ಮಸುಕು. ತೋಪಿಗೆ ಚಿಕ್ಕದೇ ಕರೆಕ್ಟ್.

ಅತ್ತೆಯವರ ಹತ್ತಿರ ಹೋಗಿ ನಿಂತೆ. ಅವರು ಗಾಬರಿಯಾಗಲಿಲ್ಲ.

"ಮೊದಲ ಹಣ್ಣು ಆಂಜನೇಯಂದು ಕಣಮ್ಮಾಯಿ. ನಿನ್ನ ಗಂಡ ಕೊಡಲ್ಲ, ನಾನು ಕೊಡ್ತೀನಿ. ಅವನ ಕೈಲಿ ಇವನ್ನ ಹೊಡೆಸಿ ಪಾಪ ಕಟ್ಕೋಬೇಡ."

ಸಂಜೆ ಯಜಮಾನರು ಕೇಳಿದರು, "ಯಾವುದನ್ನ ಇಟ್ಕೊಳ್ಳೋಣ?"

"ದೊಡ್ಡದು," ಎಂದೆ. "ವೆರಿ ಪವರ್‌ಫುಲ್."

ಆ ಬೇಸಿಗೆಯಿಡೀ ಅವರು ಎಲೆಗಳಿಗೆ ಹೊಡೆದರು. ತಮ್ಮ ಕೈಯೇ ನಡುಗುತ್ತದೆ ಎಂದು ಕೊನೆಯವರೆಗೂ ನಂಬಿದ್ದರು. 'ಸಾರಿ' ಎನ್ನಬೇಕೆಂದು ಎಷ್ಟೋ ಸಲ ಬಾಯಿ ತೆರೆದಿದ್ದೆ. ಈಗ ಕೇಳಿಸಿಕೊಳ್ಳಲು ಅವರಿಲ್ಲ.