ಮಾನ್ವಿಯವರಿಗೆ ಸಿಕ್ಕ ಹೆಚ್ಚಿನ ಸರದಿ

ಜನವರಿಯ ಎರಡನೇ ಭಾನುವಾರ, ಬೆಳಿಗ್ಗೆ ಏಳೂವರೆ. ರಾಯಚೂರಿನ ಮೈದಾನದಲ್ಲಿ ಮೂರು ಫುಟ್‌ಬಾಲ್ ತಂಡಗಳವರು ಹೊಸ ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳಲು ಕುಳಿತೆವು. ದೇವದುರ್ಗದ ಪರವಾಗಿ ನಾನಿದ್ದೆ. ನಮಗೆ ಗೋಲ್‌ಕೀಪರ್ ಇರಲಿಲ್ಲ, ಒಳ್ಳೆಯ ಡಿಫೆಂಡರೂ ಇರಲಿಲ್ಲ. ಬಂದವರಲ್ಲಿ ಗೋಲ್‌ಕೀಪರ್ ಅಂದರೆ ಜಾಲಹಳ್ಳಿಯವನೊಬ್ಬನೇ. ರಾಯಚೂರು, ಮಾನ್ವಿ ಎರಡೂ ತಂಡಗಳಿಗೆ ಗೋಲ್‌ಕೀಪರ್ ಇದ್ದುದರಿಂದ ಅವನನ್ನು ಯಾರೂ ಕೇಳುವುದಿಲ್ಲವೆಂದುಕೊಂಡು, ಮೊದಲ ಸರದಿಯಲ್ಲಿ ಡಿಫೆಂಡರ್‌ನನ್ನು ಕರೆದೆ.

ನಮ್ಮಲ್ಲೊಂದು ಪದ್ಧತಿ ಇದೆ. ಆಟಗಾರ ಬೇರೆ ತಂಡಕ್ಕೆ ಹೋದರೆ, ಅವನನ್ನು ಕಳೆದುಕೊಂಡವರಿಗೆ ಮೊದಲ ಸುತ್ತು ಮುಗಿದ ಕೂಡಲೇ ಇನ್ನೊಂದು ಸರದಿ ಸಿಗುತ್ತದೆ. ಮಾನ್ವಿಯ ಫಾರ್ವರ್ಡ್ ಹಿಂದಿನ ವಾರವಷ್ಟೇ ರಾಯಚೂರು ತಂಡ ಸೇರಿದ್ದ. ಆ ಸರದಿಯಲ್ಲಿ ಮಾನ್ವಿಯ ನಾಯಕ ಜಾಲಹಳ್ಳಿಯವನನ್ನೇ ಕರೆದ.

“ಹೋದಾಂವ ಫಾರ್ವರ್ಡ್. ನಿಮಗ್ಯಾಕ್ರೀ ಎರಡನೇ ಗೋಲ್‌ಕೀಪರ್?” ಎಂದೆ.

“ಬಿಸಿಲು ಭಾಳ ಅದಲ್ರೀ. ಒಬ್ಬಾಂವ ಗೋಲ್ ಕಾಯ್ತಾನ, ಇನ್ನೊಬ್ಬಾಂವ ಛತ್ರಿ ಹಿಡಿತಾನ.”

ರಾಯಚೂರಿನ ನಾಯಕನೂ ನಕ್ಕ. ನನಗೆ ಅನುಮಾನ ಹುಟ್ಟಿದ್ದು ಆಗಲೇ. ಬುಧವಾರ ಸಂಜೆ ಮಾನ್ವಿಗೆ ಹೋದರೆ ಆ ಫಾರ್ವರ್ಡ್ ಹಳೆಯ ತಂಡದ ಜೊತೆಗೇ ಅಭ್ಯಾಸ ಮಾಡುತ್ತಿದ್ದ. “ದೋಸ್ತರದಾರ, ಸುಮ್ನ ಆಡಾಕತ್ತೀನಿ,” ಎಂದ. ಶುಕ್ರವಾರವೂ ಅಲ್ಲೇ ಇದ್ದ. ಹಾಗಾದರೆ ಅವನು ತಂಡ ಬಿಟ್ಟದ್ದೇ ನಾಟಕವೇ?

ನಮ್ಮ ಮೊದಲ ಪಂದ್ಯ ಮಾನ್ವಿಯ ಮೇಲೆಯೇ. ಗೋಲಿನಲ್ಲಿ ನಿಲ್ಲಬೇಕಾದವನು, ಇಲ್ಲಿಯವರೆಗೆ ಬರೀ ಗೋಲುಗಳನ್ನು ಎಣಿಸಿದ ನಾನು. ದೂರು ಕೊಡಲು ನನ್ನೊಬ್ಬನ ಮಾತು ಸಾಲದು. ಆ ಫಾರ್ವರ್ಡ್ ರಾಯಚೂರಿನ ಅಭ್ಯಾಸಕ್ಕೆ ಒಂದು ದಿನವಾದರೂ ಬಂದದ್ದನ್ನೋ, ಬಾರದ್ದನ್ನೋ ಬಲ್ಲವರು ಪಂದ್ಯಕ್ಕೆ ಮೊದಲೇ ನನಗೆ ಬರೆದು ತಿಳಿಸಿ.