ಸೇವಂತಿಗೆ ಹೊದ್ದ ಕಾರು ಮತ್ತು ಒಬ್ಬ ಮದುಮಗ

ಕಳೆದ ಭಾನುವಾರ ಸಂಜೆ ಆರೂಕಾಲಿಗೆ ನಾನು ಒಬ್ಬ ಮದುಮಗನನ್ನು ನಡುರಸ್ತೆಯಲ್ಲಿ ನಿಲ್ಲಿಸಿಬಿಟ್ಟೆ.

ನಿಲ್ಲಿಸಿದೆ ಅಂದರೆ ಕೆಳಗಿಳಿಸಲಿಲ್ಲ. ಸೂಟು, ಹಾರ, ಹಣೆಗೆ ಗಂಧ ಎಲ್ಲದರ ಸಮೇತ ಅವನು ನನ್ನ ಕಾರಿನ ಹಿಂದಿನ ಸೀಟಿನಲ್ಲೇ ಕೂತಿದ್ದ. ನಿಂತದ್ದು ಕಾರು. ಬಾನೆಟ್ಟಿನ ಸಂದಿಯಿಂದ ಬುಸಬುಸ ಹೊಗೆ ಬರುತ್ತಿತ್ತು. (ಅದು ಹೊಗೆಯಲ್ಲ, ಹಬೆ ಎಂದು ಆಮೇಲೆ ಬಲ್ಲವರು ತಿದ್ದಿದರು. ಆ ಹೊತ್ತಿನಲ್ಲಿ ನನಗೆ ವ್ಯತ್ಯಾಸ ಕಟ್ಟಿಕೊಂಡು ಏನಾಗಬೇಕಿತ್ತು?)

ಚಾಮರಾಜಪೇಟೆಯ ಛತ್ರ ಇನ್ನೂ ಎರಡು ಅಡ್ಡರಸ್ತೆ ದೂರ. ಅಲ್ಲಿ ಬಾಗಿಲಲ್ಲಿ ಆರತಿ ತಟ್ಟೆ, ನಾದಸ್ವರ, ಪನ್ನೀರು ದಾನಿ ಹಿಡಿದುಕೊಂಡು ಹೆಣ್ಣಿನ ಕಡೆಯವರು ಕಾಯುತ್ತಿದ್ದರು. ಇಲ್ಲಿ ನಾನು ಸ್ಟೀರಿಂಗ್ ಹಿಡಿದುಕೊಂಡು ಬೆವರುತ್ತಿದ್ದೆ.

ಇದು ಹೇಗಾಯಿತು ಎಂದು ಮೊದಲಿಂದ ಹೇಳಿಬಿಡುತ್ತೇನೆ. ಮರ್ಯಾದೆ ಹೇಗೂ ಹೋಗಿದೆ, ಪೂರ್ತಿ ಹೋಗಲಿ.

ನಮ್ಮದು ಸೆಕೆಂಡ್ ಹ್ಯಾಂಡ್ ಕಾರು. ಆರು ವರ್ಷದ ಹಿಂದೆ ಕೊಂಡದ್ದು. (ಕಂಪನಿಯ ಹೆಸರು ಹೇಳುವುದಿಲ್ಲ. ಅವರು ಪಾಪ ಒಳ್ಳೆಯ ಕಾರನ್ನೇ ಮಾಡಿದ್ದರು. ಆಮೇಲೆ ಆದದ್ದೆಲ್ಲ ನಮ್ಮಂಥವರ ಕೈಯಲ್ಲಿ.) ಕೊಡಿಸಿದ ಬ್ರೋಕರ್ ಮೂರೇ ಮಾತು ಹೇಳಿದ್ದ. "ಡಾಕ್ಟರ್ ಗಾಡಿ ಸಾರ್. ಒಂದೇ ಕೈ. ಮನೆಯಿಂದ ಕ್ಲಿನಿಕ್ಕು, ಕ್ಲಿನಿಕ್ಕಿಂದ ಮನೆ, ಅಷ್ಟೇ ಓಡಿರೋದು." ಅಷ್ಟೇ ಓಡಿದ ಗಾಡಿಯ ಟೈರು ಯಾಕಪ್ಪ ಬೋಳಾಗಿದೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಡಾಕ್ಟರು ಅಂದಮೇಲೆ ಕಾರಿನ ಆರೋಗ್ಯವನ್ನೂ ನೋಡಿಕೊಂಡಿರುತ್ತಾರೆ ಎಂದು ನಂಬಿದ ಮಹಾನುಭಾವ ನಾನು.

ಆ ಕಾರಿನ ಗುಣಗಳನ್ನು ಎಲ್ಲಿಂದ ಶುರುಮಾಡಲಿ? ನಾಲ್ಕು ಕಿಟಕಿಗೂ ಸೇರಿ ಗಾಜು ಏರಿಸುವ ಹಿಡಿ ಒಂದೇ. ಮಳೆ ಬಂದರೆ ಅದನ್ನು ಕೈಯಿಂದ ಕೈಗೆ ದಾಟಿಸಬೇಕು. ಎಡಗಡೆಯ ಹಿಂದಿನ ಬಾಗಿಲು ಹೊರಗಿನಿಂದ ಮಾತ್ರ ತೆರೆದುಕೊಳ್ಳುತ್ತದೆ. ಪೆಟ್ರೋಲ್ ಮುಳ್ಳು ಸದಾ ಅರ್ಧದಲ್ಲಿ ನಿಂತಿರುತ್ತದೆ, ಟ್ಯಾಂಕು ತುಂಬಿದ್ದರೂ ಅಷ್ಟೇ, ಒಣಗಿದ್ದರೂ ಅಷ್ಟೇ. ಬೆಳಗ್ಗೆ ಕೀ ತಿರುಗಿಸಿದರೆ ಅದು ಒಂದು ಸಲ ಕೆಮ್ಮಿ ಸುಮ್ಮನಾಗುತ್ತದೆ. ಆಗ ಎನ್.ಆರ್. ಕಾಲೋನಿಯ ನಮ್ಮ ಬೀದಿಯಲ್ಲಿ ಹೆಂಡತಿ ಜಯಾ ಮತ್ತು ಮಗಳು ಹಿಂದಿನಿಂದ ತಳ್ಳುತ್ತಾರೆ. ನಾನು ಡ್ರೈವರ್ ಬಾಗಿಲು ತೆರೆದುಕೊಂಡು, ಒಂದು ಕೈ ಸ್ಟೀರಿಂಗ್ ಮೇಲಿಟ್ಟು ಪಕ್ಕದಲ್ಲಿ ಓಡುತ್ತೇನೆ. ಇಳಿಜಾರು ಬಂದಾಗ ಒಳಗೆ ಹಾರುತ್ತೇನೆ.

ಹೀಗಿದ್ದೂ ಯಾರಾದರೂ "ಹೇಗಿದೆ ಗಾಡಿ?" ಅಂದರೆ ನನ್ನ ಬಾಯಲ್ಲಿ ಏನು ಬರುತ್ತದೆ ಗೊತ್ತೇ? "ಬಂಗಾರದಂಥಾ ಗಾಡಿ ಸಾರ್. ಡಾಕ್ಟರ್ ಓಡಿಸಿದ್ದು." ಬ್ರೋಕರ್ ನನಗೆ ಹಾಕಿದ ಟೋಪಿಯನ್ನು ನಾನು ಆರು ವರ್ಷದಿಂದ ಊರಿಗೆಲ್ಲ ಹಾಕುತ್ತಾ ಬಂದಿದ್ದೇನೆ.

ಎದುರುಮನೆಯಲ್ಲಿ ಶಾಮಣ್ಣ ಮೇಷ್ಟ್ರಿದ್ದಾರೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ರಿಟೈರ್ ಆದವರು. ಯಾರ ಜೊತೆಗೂ ಏರುದನಿಯಲ್ಲಿ ಮಾತಾಡಿದವರಲ್ಲ. ಅವರ ಒಬ್ಬಳೇ ಮಗಳು ಗಿರಿಜಾಳಿಗೆ ಮೈಸೂರಿನ ಕಡೆಯ ಗಂಡು ಗೊತ್ತಾಗಿತ್ತು. ಮದುವೆಗೆ ಹದಿನೈದು ದಿನ ಇರುವಾಗ ಮೇಷ್ಟ್ರು ನಮ್ಮ ಮನೆಗೆ ಬಂದು, ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಕುಡಿದು, ಲೋಟ ಕೆಳಗಿಟ್ಟು, ಗಂಟಲು ಸರಿಮಾಡಿಕೊಂಡರು.

"ಶ್ರೀಧರ್, ಒಂದು ಮಾತು ಕೇಳ್ಬೇಕಿತ್ತು. ಸಂಕೋಚ ಆಗುತ್ತೆ."

"ಹೇಳಿ ಮೇಷ್ಟ್ರೇ, ನನ್ಹತ್ರ ಎಂಥಾ ಸಂಕೋಚ?"

"ವರಪೂಜೆ ದಿನ ಗಂಡನ್ನ ಗುಡಿಯಿಂದ ಛತ್ರಕ್ಕೆ ಕರ್ಕೊಂಡು ಬರ್ಬೇಕಲ್ಲ. ನಿಮ್ಮ ಕಾರು... ನಿಮಗೆ ತೊಂದ್ರೆ ಇಲ್ದಿದ್ರೆ. ಕಷ್ಟ ಅನ್ಸಿದ್ರೆ ಖಂಡಿತ ಬೇಡ, ಟ್ಯಾಕ್ಸಿ ನೋಡ್ಕೋತೀನಿ."

ಅಡುಗೆಮನೆಯ ಬಾಗಿಲಲ್ಲಿ ಜಯಾ ನಿಂತು ಕಣ್ಣಲ್ಲೇ 'ಬೇಡ ಅನ್ನಿ, ಬೇಡ ಅನ್ನಿ' ಎಂದು ಸನ್ನೆ ಮಾಡುತ್ತಿದ್ದಳು. ನನಗೆ ಕಾಣಿಸಿತು. ಕಾಣಿಸಿದ್ದನ್ನು ಕಂಡಂತೆ ನಡೆದುಕೊಂಡಿದ್ದರೆ ನಾನು ಇವತ್ತು ಈ ಲೇಖನ ಬರೆಯುತ್ತಿರಲಿಲ್ಲ.

ಆದರೆ ನೀವೇ ಹೇಳಿ, ಆರು ವರ್ಷ ಕಾರಿಟ್ಟುಕೊಂಡವನನ್ನು ಮೊದಲ ಸಲ ಒಬ್ಬರು ಕಾರು ಕೇಳಿದ್ದಾರೆ. ಅದೂ ಮದುಮಗನನ್ನು ಕೂರಿಸಲು! ನನ್ನ ಎದೆ ಎಷ್ಟು ಉಬ್ಬಿತೆಂದರೆ ಬಾಯಿ ತನ್ನಷ್ಟಕ್ಕೆ ತಾನೇ ತೆರೆದುಕೊಂಡಿತು. "ಟ್ಯಾಕ್ಸಿ ಯಾಕೆ ಮೇಷ್ಟ್ರೇ? ನಮ್ಮ ಗಿರಿಜಾ ಮದುವೆಗೆ ಬಾಡಿಗೆ ಗಾಡಿನಾ? ಛೆ ಛೆ! ನಾನೇ ಓಡಿಸ್ತೀನಿ."

ಮೇಷ್ಟ್ರು ಖಾಲಿ ಲೋಟವನ್ನೇ ಮತ್ತೆ ಎತ್ತಿ ಬಾಯಿಗಿಟ್ಟು ಕೆಳಗಿಟ್ಟರು. ಆಮೇಲೆ "ತುಂಬಾ ಸಂತೋಷ" ಅಂದರು. ಆ ಗಲಿಬಿಲಿಯನ್ನು ನಾನು ಕೃತಜ್ಞತೆ ಎಂದುಕೊಂಡೆ.

ಅವರು ಗೇಟು ದಾಟುವುದೇ ತಡ, ಜಯಾ ಶುರುಮಾಡಿದಳು. "ರೀ, ನಿಮಗೇನಾದ್ರೂ ತಲೆ ಕೆಟ್ಟಿದ್ಯಾ? ಅವರ ಬೀಗರ ಮುಂದೆ ಕೈ ಕೊಟ್ರೆ ಏನ್ಮಾಡ್ತೀರಿ? ಪಾಪ, ಹೆಣ್ಣು ಹೆತ್ತವರು ಅವರು."

"ಅಪಶಕುನ ನುಡೀಬೇಡ" ಎಂದು ನಾನು ಗಂಭೀರವಾಗಿ ಹೇಳಿ, ಪೇಪರು ಬಿಡಿಸಿಕೊಂಡೆ.

ಭಯ ನನಗೂ ಇತ್ತು. ಹಾಗಾಗಿ ಎರಡು ಸಲ ಮೆಕ್ಯಾನಿಕ್ ಹತ್ತಿರ ಹೋದೆ. ಬ್ಯಾಟರಿ ಹೊಸದು ಹಾಕಿಸಿದೆ. ಈಗ ಕೀ ತಿರುಗಿಸಿದರೆ ಮೊದಲ ಕೆಮ್ಮಿಗೇ ಸ್ಟಾರ್ಟ್! ಉಳಿದದ್ದು ಒಂದೇ ಚಿಂತೆ, ಕಾರಿನ ಅಂದಚೆಂದದ್ದು. ಮುಂದಿನ ಜಾಲರಿ ಪೂರ್ತಿ ತುಕ್ಕು ಹಿಡಿದು, ಅಲ್ಲಲ್ಲಿ ಮುರಿದು, ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು. ಬೀಗರ ಕಣ್ಣಿಗೆ ಮೊದಲು ಬೀಳುವುದೇ ಅದು.

ಭಾನುವಾರ ಮಧ್ಯಾಹ್ನ ಗಾಂಧಿಬಜಾರಿನ ಹೂವಿನವನ ಮುಂದೆ ಕಾರು ನಿಲ್ಲಿಸಿದೆ. ಅವನು ಮಾಮೂಲಿನಂತೆ ಬಾನೆಟ್ಟಿನ ಮೇಲೆ ನಾಲ್ಕು ಎಳೆ ಬಿಟ್ಟು ಮುಗಿಸಲು ಹೊರಟ.

"ಇಷ್ಟು ಸಾಲ್ದಪ್ಪ. ಮುಂದ್ಗಡೆ ಪೂರ್ತಿ ಮುಚ್ಚಿಬಿಡು. ಒಂದಿಂಚೂ ಕಾಣ್ಬಾರ್ದು."

"ಜಾಲರಿ ಮುಚ್ಚಿದ್ರೆ ಗಾಳಿ ಆಡಲ್ಲ ಸಾರ್. ಇಂಜಿನ್ನು ಹೀಟ್ ಆಗ್ಬಿಡುತ್ತೆ."

ಹೂ ಮಾರುವವನು ನನಗೆ ಇಂಜಿನ್ ಪಾಠ ಹೇಳುವುದೇ? "ಗಾಡಿ ವಿಷ್ಯ ನಂಗೆ ಬಿಡು, ನೀನು ಹೂವಿನ ವಿಷ್ಯ ನೋಡ್ಕೋ" ಅಂದೆ. ಅವನು ಸುಮ್ಮನಾಗಿ, ಹಳದಿ ಸೇವಂತಿಗೆಯನ್ನು ಒತ್ತೊತ್ತಾಗಿ ಸೇರಿಸಿ, ಬಂಪರಿನಿಂದ ಬಾನೆಟ್ಟಿನ ತನಕ ಅಡ್ಡಡ್ಡ ಉದ್ದುದ್ದ ಸುತ್ತಿ, ಬಾನೆಟ್ಟಿನ ಬಾಯನ್ನೇ ಹೊಲಿದ ಹಾಗೆ ಬಿಗಿದುಕೊಟ್ಟ. ತುಕ್ಕು ಮಾಯವಾಯಿತು. ನನಗೆ ಆನಂದವೋ ಆನಂದ.

ಭಾನುವಾರದ ರಾಹುಕಾಲ ಕಳೆಯುವುದು ಆರಕ್ಕೆ. ಸರಿಯಾಗಿ ಆರಕ್ಕೆ ಗುಡಿಯಿಂದ ಹೊರಟೆವು. ಹಿಂದೆ ಮದುಮಗ ಮತ್ತು ಅವನ ಸೋದರತ್ತೆ, ಮುಂದೆ ನನ್ನ ಪಕ್ಕದಲ್ಲಿ ಅವನ ತಂದೆ. ಮಾತು ಕಡಿಮೆಯ, ದಪ್ಪ ಮೀಸೆಯ ಮನುಷ್ಯ. ಅವರನ್ನು ಕಂಡರೆ ಮೇಷ್ಟ್ರ ಮನೆಯವರೆಲ್ಲ ಒಂದು ತೂಕ ಜಾಸ್ತಿ ವಿನಯದಿಂದ ಮಾತಾಡುತ್ತಿದ್ದರು. ನಮ್ಮ ಹಿಂದೆ ಗಂಡಿನ ಕಡೆಯವರ ವ್ಯಾನು.

"ಡಾಕ್ಟರ್ ಗಾಡಿ ಸಾರ್ ಇದು" ಎಂದು ನಾನು ಅವರಿಗೂ ಶುರುಮಾಡಿದೆ. ಅವರು "ಹೂಂ" ಅಂದರು.

ಹದಿನೈದು ನಿಮಿಷಕ್ಕೆ ಡಾಕ್ಟರ್ ಗಾಡಿಗೆ ಜ್ವರ ಏರಿತು. ಮೊದಲು ಒಂದು ವಾಸನೆ. ಆಮೇಲೆ ಬುಸಬುಸ. ಆಮೇಲೆ ಮೌನ.

ಇಳಿದು ಓಡಿಹೋಗಿ ಬಾನೆಟ್ ಎತ್ತಲು ನೋಡಿದರೆ, ಎಲ್ಲಿ ಎತ್ತುವುದು? ಸೇವಂತಿಗೆ ಬಿಗಿದು ಕೂತಿದೆ. ದಾರ ಹರಿಯಬೇಕು. ಕೈ ಹಾಕಿದೆನೋ ಇಲ್ಲವೋ, ಒಳಗಿನಿಂದ ಸೋದರತ್ತೆಯ ಕೂಗು. "ಅಯ್ಯಯ್ಯೋ! ಮದ್ವೆ ಗಾಡಿ ಹೂವು ಹರೀತಾರೇನ್ರೀ? ನಿಮಗೆ ಹೇಳೋರು ಕೇಳೋರು ಇಲ್ವಾ?"

ಎದುರು ಮನೆಯಿಂದ ಒಬ್ಬ ಹೆಂಗಸು ಕೊಡದಲ್ಲಿ ನೀರು ತಂದರು. ಬಾನೆಟ್ ತೆಗೆಯದೆ ನೀರು ಎಲ್ಲಿ ಹಾಕುವುದು? ತಂದದ್ದು ವ್ಯರ್ಥವಾಗಬಾರದೆಂದು ಹೂವಿನ ಮೇಲೆಯೇ ಸುರಿದರು. ಇಡೀ ಬೀದಿಗೆ ಬೆಂದ ಸೇವಂತಿಗೆಯ ಘಮ. ಪಕ್ಕದ ಕಾಂಪೌಂಡಿನ ಮೇಲಿಂದ ಬನಿಯನ್ ಹಾಕಿಕೊಂಡ ಒಬ್ಬ ಹಿರಿಯರು "ಚೋಕ್ ಎಳೀರಿ, ಚೋಕ್ ಎಳೀರಿ" ಎಂದು ಹೇಳುತ್ತಲೇ ಇದ್ದರು.

"ಮದುಮಗ ವ್ಯಾನಿಗೆ ಹತ್ತಲಿ" ಎಂದು ನಾನು ಅಂದೆ. ಅದಕ್ಕೂ ಸೋದರತ್ತೆ ಒಪ್ಪಲಿಲ್ಲ. ಹೊರಟ ಗಾಡಿ ಇಳಿದು ದಾರಿಯಲ್ಲಿ ಇನ್ನೊಂದು ಹತ್ತಬಾರದಂತೆ. ಛತ್ರದ ಬಾಗಿಲಲ್ಲಿ ಕಾಲು ತೊಳೆಯುವ ತನಕ ಮದುಮಗ ನೆಲಕ್ಕೆ ಕಾಲಿಡಬಾರದಂತೆ. ಮದುಮಗ ಮಾತ್ರ ಮೆಲ್ಲಗೆ "ಅತ್ತೆ, ಸೆಕೆ, ಕಿಟಕಿ ಆದ್ರೂ ಇಳ್ಸಿ" ಅಂದ. ಆ ಹಿಡಿ ಗಡಿಬಿಡಿಯಲ್ಲಿ ಎಲ್ಲಿ ಬಿತ್ತೋ ಸಿಗಲಿಲ್ಲ.

ನನಗೆ ಕಾರಿನ ಚಿಂತೆ ಹೋಗಿತ್ತು. ಕಣ್ಣ ಮುಂದೆ ಇದ್ದದ್ದು ಮೇಷ್ಟ್ರು. ವರಪೂಜೆಯ ದಿನವೇ ಬೀಗರಿಗೆ ಅವಮಾನ ಆಯಿತೆಂದರೆ ಆ ಮಾತು ಗಿರಿಜಾಳ ಬೆನ್ನಿಗೆ ಎಷ್ಟು ವರ್ಷ ಅಂಟಿಕೊಂಡಿರುತ್ತದೆ? 'ನಿಮ್ಮಪ್ಪ ಒಂದು ನೆಟ್ಟಗಿನ ಕಾರು ಕಳ್ಸಲಿಲ್ಲ' ಎಂದು ಒಬ್ಬರು ಆಡಿದರೂ ಸಾಕು. ಆಡುವವರು ಎಲ್ಲ ಮನೆಯಲ್ಲೂ ಒಬ್ಬರು ಇದ್ದೇ ಇರುತ್ತಾರಲ್ಲ? ಆ ಹುಡುಗಿ ನನ್ನ ಕಣ್ಣೆದುರು ಬೆಳೆದವಳು. ನನಗೆ ನಿಜಕ್ಕೂ ಅಳು ಬಂತು.

ಆಗ ದಪ್ಪ ಮೀಸೆಯ ಬೀಗರು ಕೆಳಗಿಳಿದರು. ಕಾರನ್ನು ನೋಡಿದರು, ನನ್ನನ್ನು ನೋಡಿದರು. ಶಲ್ಯ ಸೊಂಟಕ್ಕೆ ಸುತ್ತಿದರು. ರೇಷ್ಮೆ ಪಂಚೆ ಎತ್ತಿ ಕಟ್ಟಿದರು. ವ್ಯಾನಿನವರಿಗೆ "ಇಳೀರೋ ಎಲ್ರೂ" ಅಂದರು.

"ನೀವು ತಳ್ಳೋದಾ ಸಾರ್? ದಯವಿಟ್ಟು ಬೇಡ, ನಾನು..." ಎಂದು ನಾನು ತೊದಲಿದೆ.

"ನೀವು ಸ್ಟೀರಿಂಗ್ ಹಿಡೀರಿ. ನಿಮ್ಮ ಗಾಡಿ ನಮ್ಮ ಮಾತು ಕೇಳುತ್ತೋ ಇಲ್ವೋ."

ಹೀಗೆ ಚಾಮರಾಜಪೇಟೆಯಲ್ಲಿ ನಡೆಯಬಾರದ್ದು ನಡೆಯಿತು. ಗಂಡಿನ ಕಡೆಯವರು ಹತ್ತು ಜನ ಕಾರು ತಳ್ಳುತ್ತಿದ್ದಾರೆ. ಹೆಣ್ಣಿನ ಕಡೆಯ ನಾನು ಒಳಗೆ ಆರಾಮಾಗಿ ಕೂತಿದ್ದೇನೆ! ಬೀಗರ ಏದುಸಿರು ನನ್ನ ಕಿವಿಗೆ ಕೇಳುತ್ತಿದೆ. ಹಿಂದಿನಿಂದ ಸೋದರತ್ತೆ "ಗುಂಡಿ ನೋಡ್ಕೊಂಡು ಬಿಡ್ರಪ್ಪ" ಅನ್ನುತ್ತಿದ್ದಾರೆ. ಭೂಮಿ ಬಾಯಿ ಬಿಡಬಾರದೇ ಅಂದುಕೊಂಡೆ.

ಛತ್ರದ ಮುಂದೆ ನಾದಸ್ವರದವರು ನಮ್ಮನ್ನು ಕಂಡು ಅರ್ಧಕ್ಕೇ ನಿಲ್ಲಿಸಿಬಿಟ್ಟರು. ಮೇಷ್ಟ್ರು ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿದ್ದ ತಟ್ಟೆಯನ್ನು ಪಕ್ಕದವರಿಗೆ ಕೊಟ್ಟು ಮೆಟ್ಟಿಲಿಳಿದು ಬಂದರು.

ದಪ್ಪ ಮೀಸೆಯವರು ಶಲ್ಯದಲ್ಲಿ ಮುಖ ಒರೆಸಿಕೊಂಡು ಮುಂದೆ ಬಂದರು. "ಬೀಗ್ರೇ, ಮೂವತ್ತು ವರ್ಷ ಸಾಕಿ ಸಾಕಾಯ್ತು. ನಮ್ಮ ಹುಡುಗನ್ನ ನಾವೇ ತಳ್ಕೊಂಡ್ ಬಂದಿದೀವಿ. ಇನ್ನು ವಾಪಸ್ ಮಾತ್ರ ತಗೊಳ್ಳಲ್ಲ!"

ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಇಡೀ ಛತ್ರ ನಕ್ಕಿತು. ಸೋದರತ್ತೆಯೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ನಾದಸ್ವರ ಮತ್ತೆ ಹತ್ತಿಕೊಂಡಿತು. ಮದುಮಗನ ಕಾಲು ತೊಳೆದರು. ಮಾರನೆಯ ದಿನ ಮದುವೆಯೂ ಚೆನ್ನಾಗಿಯೇ ಆಯಿತು. ನಾನು ಎರಡು ದಿನವೂ ಕೊನೆಯ ಪಂಕ್ತಿಯಲ್ಲಿ, ಕಂಬದ ಮರೆಯಲ್ಲಿ ಕೂತು ಊಟ ಮಾಡಿದೆ. (ಹೋಳಿಗೆ ಎರಡನೇ ಸಲ ಕೇಳಲು ಬಾಯಿ ಬರಲಿಲ್ಲ. ನನ್ನ ಪಾಡು ಇದಕ್ಕಿಂತ ಬಿಡಿಸಿ ಹೇಳಬೇಕೆ?)

ಬುಧವಾರ ಬೆಳಗ್ಗೆ ಮೇಷ್ಟ್ರು ತೆಂಗಿನಕಾಯಿ ಚೀಲ, ಚಿರೋಟಿ ಪೊಟ್ಟಣ ಹಿಡಿದುಕೊಂಡು ಮನೆಗೆ ಬಂದರು. "ತುಂಬಾ ಉಪಕಾರ ಆಯ್ತು ಶ್ರೀಧರ್" ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಉಪಕಾರ ಅಂದಾಗ ಆಗಲಿಲ್ಲ.

"ಮೇಷ್ಟ್ರೇ, ಕ್ಷಮಿಸ್ಬೇಕು. ಆ ಕಾರು ಸರಿ ಇರ್ಲಿಲ್ಲ. ಯಾವತ್ತೂ ಸರಿ ಇರ್ಲಿಲ್ಲ. ಗೊತ್ತಿದ್ದೂ ಒಪ್ಕೊಂಡೆ."

"ನನಗೂ ಗೊತ್ತಿತ್ತಲ್ರೀ. ಆರು ವರ್ಷದಿಂದ ದಿನಾ ಬೆಳಗ್ಗೆ ಕಿಟಕೀಲಿ ನೋಡ್ತಿದೀನಿ."

"ಅಯ್ಯೋ! ಮತ್ತೆ ಕೇಳಿದ್ದು ಯಾಕೆ?"

ಮೇಷ್ಟ್ರು ಬಾರದ ಲೆಕ್ಕಕ್ಕೆ ಉತ್ತರ ಹೇಳುವ ಹುಡುಗನ ಹಾಗೆ ತಲೆ ತಗ್ಗಿಸಿದರು. "ನೀವು ಬೇಡ ಅಂತೀರಿ ಅಂತ ಕೇಳ್ದೆ. ಟ್ಯಾಕ್ಸಿಗೆ ಮುಂಚೇನೇ ಹೇಳಿಟ್ಟಿದ್ದೆ. ನೀವು ಅಷ್ಟು ಪ್ರೀತಿಯಿಂದ ಹೂಂ ಅಂದ್ಬಿಟ್ರಲ್ಲ, ಹೋಗಿ ಕ್ಯಾನ್ಸಲ್ ಮಾಡ್ಸಿದೆ."

ನಮ್ಮ ಕಡೆ ಇದೊಂದು ಶಾಸ್ತ್ರ. ಊಟದ ಹೊತ್ತಿಗೆ ಯಾರಾದರೂ ಬಂದರೆ "ಏಳಿ, ಎಲೆ ಹಾಕಿದೆ" ಅನ್ನಬೇಕು, ಬಂದವರು "ಈಗ ತಾನೇ ಆಯ್ತು" ಅನ್ನಬೇಕು. ಕೇಳುವುದು ಅವರ ಧರ್ಮ, ಬೇಡ ಅನ್ನುವುದು ನಮ್ಮ ಧರ್ಮ. ಹುಟ್ಟಿದಂದಿನಿಂದ ಪಾಲಿಸಿಕೊಂಡು ಬಂದ ಈ ಶಾಸ್ತ್ರವನ್ನು ಕಾರಿನ ಮಾತು ಬಂದಾಗ ನಾನು ಮರೆತು ಕೂತೆ. ಅದನ್ನು ಮರೆಯದ ಮೇಷ್ಟ್ರು ಒಬ್ಬಳೇ ಮಗಳ ವರಪೂಜೆಯನ್ನು ನನ್ನ ತುಕ್ಕಿನ ಕೈಗೆ ಕೊಟ್ಟರು.

"ಆದ್ರೂ ಮೇಷ್ಟ್ರೇ" ಎಂದು ನಾನು ಬಿಡಲಿಲ್ಲ, "ನನ್ನ ಕೇಳ್ದೇನೇ ಟ್ಯಾಕ್ಸಿ ತಂದಿದ್ರೆ ಏನಾಗ್ತಿತ್ತು?"

ಅವರು ಕಾಫಿ ಲೋಟ ಕೆಳಗಿಟ್ಟರು. "ಎದುರುಮನೇಲಿ ಕಾರಿಟ್ಕೊಂಡು, ಗಂಡು ಟ್ಯಾಕ್ಸೀಲಿ ಬಂದಿದ್ರೆ, ನಿಜ ಹೇಳಿ ಶ್ರೀಧರ್, ನೀವು ಮದುವೆಗೆ ಬರ್ತಿದ್ರಾ?"

ಜಯಾ ನನ್ನ ಮುಖ ನೋಡಿದಳು. ನಾನು ಚಿರೋಟಿ ಪೊಟ್ಟಣ ನೋಡಿದೆ.

ಬರುತ್ತಿರಲಿಲ್ಲ.