ಪಕ್ಕದ ಮನೆಯ ವ್ಯಾಯಾಮ

ನಮ್ಮ ಓಣಿಯಲ್ಲಿ ಹೆಪ್ಪಿನ ಮಜ್ಜಿಗೆಯಂತೆ ಮದ್ದೂ ಮನೆಯಿಂದ ಮನೆಗೆ ಹೋಗುತ್ತದೆ. ನನ್ನ ಹೆಂಡತಿಯ ಸೊಂಟನೋವಿಗೆ ಹಗರಿಬೊಮ್ಮನಹಳ್ಳಿಯ ಫಿಸಿಯೋಥೆರಪಿ ವೈದ್ಯೆ ಬೋರಲು ಮಲಗಿ ಎದೆ ಎತ್ತುವ ವ್ಯಾಯಾಮ ಹೇಳಿದ್ದರು, ಮುಂದಕ್ಕೆ ಬಾಗಬಾರದು ಎಂದಿದ್ದರು. ನೋವು ಇಳಿಯುತ್ತಿತ್ತು.

ಪಕ್ಕದ ಮನೆಯ ಅಕ್ಕ ನಕ್ಕರು. "ಹಲ್ಲಿಯಂಗ ಬಿದ್ಕೊಂಡ್ರ ಏನ್ ಬಂತವ್ವಾ? ನನಗ ಬಗ್ಗಿ ಕಾಲು ಮುಟ್ಟಿದ ಮ್ಯಾಲೆ ಆರಾಮಾತು. ನೀನೂ ಮಾಡು."

ಇವಳು ಮಾಡಿದಳು. ವಾರದೊಳಗೆ ಎಡಗಾಲು ಮರಗಟ್ಟಿತು, ಪಾದ ಮೇಲಕ್ಕೆ ಏಳಲಿಲ್ಲ.

"ನರ ಒತ್ತೈತಿ, ಈಗ ವ್ಯಾಯಾಮ ಸಾಲಂಗಿಲ್ಲ. ದಾವಣಗೆರೆ ದೊಡ್ಡಾಸ್ಪತ್ರೆಗೆ ಹೋಗ್ರಿ, ತಡ ಮಾಡಬ್ಯಾಡ್ರಿ," ಎಂದರು ವೈದ್ಯೆ.

ಕಾರು ಹರಪನಹಳ್ಳಿ ದಾಟುವಾಗ, ಹಿಂದಿನ ಸೀಟಿನಲ್ಲಿ ನನ್ನ ತೊಡೆಯ ಮೇಲೆ ಕಾಲು ಚಾಚಿ ಮಲಗಿದ್ದ ಹೆಂಡತಿ, "ಬೆರಳು ಅಲುಗಾಡ್ಸಾಕತ್ತೀನಿ. ಮುಟ್ಟಿ ನೋಡ್ರಿ," ಎಂದಳು.

ಬೆರಳು ಅಲುಗುತ್ತಿರಲಿಲ್ಲ. ಅವಳ ಪಾದವನ್ನು ನಾನು ಆಗಲೇ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ.